ಮಾಳಿಗೆ ಮೇಲಿನ ಭಾರ

ಕೇಳುಗರೇ, ನಮಸ್ಕಾರ.

ಹೊರಗೆ ಬಿಸಿಲು ಧಗಧಗ ಅನ್ನುವಾಗ ಹಿಮದ ಮಾತು ಎತ್ತಿದರೆ ನೀವು ನಗುತ್ತೀರಿ, ಗೊತ್ತು. ಬಾಗಲಕೋಟೆಯವರಾದ ನಮಗೆ ಹಿಮ ಅಂದರೆ ಅಡ್ಡಮಳೆಯಲ್ಲಿ ಯಾವಾಗಲೋ ಬೀಳುವ ಆಲಿಕಲ್ಲು, ಇಲ್ಲವೇ ಫ್ರಿಜ್ಜಿನೊಳಗಿನ ಐಸು. ಅಷ್ಟೇ. ಆದರೆ ಈಗ ಓಣಿಗೆ ಒಂದು ಮನೆಯ ಮಕ್ಕಳಾದರೂ ಚಳಿ ದೇಶದಲ್ಲಿ ಇದ್ದಾರೆ, ಅಲ್ವಾ? ನನ್ನ ಮಗಳು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಇದ್ದಾಳೆ. ಮೊಮ್ಮಗ ಹುಟ್ಟಿದಾಗ ನಾವಿಬ್ಬರೂ ಒಂದು ಚಳಿಗಾಲ ಅಲ್ಲೇ ಕಳೆದೆವು.

ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಅಂಗಳ ಇಲ್ಲ, ಮೆಟ್ಟಿಲಿಲ್ಲ, ಕಾರಿಲ್ಲ. ಎಲ್ಲಾ ಒಂದೇ ಬಿಳುಪು. ಮೂಲೆಯಲ್ಲಿದ್ದ ಸೀಡರ್ ಗಿಡ ಮಾತ್ರ ಕಾಣುತ್ತಿತ್ತು. ಅದೂ ಮೇವಿನ ಹೊರೆ ಹೊತ್ತವರ ಹಾಗೆ ಬಾಗಿಬಿಟ್ಟಿತ್ತು. ನನಗೆ ತಡೆಯಲಿಲ್ಲ. ಒಂದು ಉದ್ದನೆ ಕೋಲು ತಗೊಂಡು ಹೋಗಿ, ಹುಣಸೆಹಣ್ಣು ಬಡಿದ ಹಾಗೆ ಎರಡು ಬಿಟ್ಟೆ. ಮೊದಲ ಏಟಿಗೆ ಮೇಲಿನ ಹಿಮವೆಲ್ಲ ನನ್ನ ಕೊರಳೊಳಗೆ ಇಳಿಯಿತು. ಎರಡನೇ ಏಟಿಗೆ ತೋಳು ಗಾತ್ರದ ಟೊಂಗೆ ಲಟಕ್ಕನೆ ಮುರಿದು ಬಿತ್ತು. ಹಸಿ ಟೊಂಗೆ ಅದು. ಸದ್ದು ಮಾತ್ರ ಒಣ ಸೌದೆಯದು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಹೆಪ್ಪುಗಟ್ಟಿದ ಮರ ಬಳುಕುವುದಿಲ್ಲ, ಮುರಿಯುತ್ತದೆ ಅನ್ನುವುದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಪಕ್ಕದ ಮನೆಯ ಅಜ್ಜ ಬೇಲಿ ಆಚೆಯಿಂದ ನೋಡುತ್ತಿದ್ದ. ಏನೂ ಅನ್ನಲಿಲ್ಲ. ಒಂದು ಕಸಬರಿಗೆ ತಂದು, ತಲೆಕೆಳಗು ಹಿಡಿದು, ಟೊಂಗೆಯ ಕೆಳಗಿನಿಂದ ಮೆಲ್ಲಗೆ ಮೇಲಕ್ಕೆ ಎತ್ತಿ ತೋರಿಸಿದ. ತೊಟ್ಟಿಲು ತೂಗಿದ ಹಾಗೆ. ಹಿಮ ತಾನಾಗಿ ಜಾರಿತು. ಶುರು ಮಾಡಿದ್ದು ಕೆಳಗಿನ ಟೊಂಗೆಯಿಂದ. ಮೇಲಿನದನ್ನು ಮೊದಲು ಬಿಡಿಸಿದರೆ ಆ ಭಾರವೂ ಬಂದು ಮೊದಲೇ ಸೋತಿರುವ ಕೆಳಗಿನ ಟೊಂಗೆ ಮೇಲೆ ಕೂಡುತ್ತದೆ. ಮಂಜುಗಡ್ಡೆ ಅಂಟಿಕೊಂಡಿದ್ದರಂತೂ ಮುಟ್ಟಲೇಬಾರದು. ಅದು ಕರಗಿ ಬೀಳುವತನಕ ಕಾಯಬೇಕು. ಬಾಗಿದ ಟೊಂಗೆ ಸಾಮಾನ್ಯವಾಗಿ ಬಿಸಿಲು ಬಿದ್ದ ಮೇಲೆ ತಾನೇ ಏಳುತ್ತದೆ. ಆದರೆ ದೊಡ್ಡ ಮರ ತುಂಬಾ ಹಿಮ ಹೊತ್ತು ನಿಂತಿದ್ದರೆ ಅದರ ಬುಡಕ್ಕೆ ಹೋಗುವುದೇ ತಪ್ಪು. ಟೊಂಗೆ ಕರೆಂಟಿನ ತಂತಿ ಮೇಲೆ ಒರಗಿದ್ದರೆ ಮುಗಿಯಿತು, ಅದು ಕರೆಂಟಿನವರ ಕೆಲಸ.

ಇನ್ನು ಛಾವಣಿ. ಅಲ್ಲಿ ಮನೆ ಕಟ್ಟುವಾಗಲೇ ಹಿಮದ ಭಾರ ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಹಿಮ ಬಿದ್ದಾಗಲೆಲ್ಲ ಓಡಬೇಕಿಲ್ಲ. ಆದರೆ ಹಿಮಕ್ಕೆ ಒಂದೇ ತೂಕ ಇಲ್ಲ ಅನ್ನುವುದೇ ಪೇಚು. ಈಗಷ್ಟೇ ಬಿದ್ದ ಹಿಮ ಹಿಂಜಿದ ಅರಳೆ ಇದ್ದಂತೆ, ಒಂದು ಘನ ಅಡಿಗೆ ಎರಡು ಮೂರು ಕಿಲೋ. ಅದೇ ಕೂತು, ಒದ್ದೆಯಾಗಿ, ಬಿಗಿದರೆ ಒಂಬತ್ತು ಹತ್ತು ಕಿಲೋ ದಾಟುತ್ತದೆ. 1,000 ಚದರ ಅಡಿ ಛಾವಣಿ ಮೇಲೆ ಒಂದಡಿ ಅಂಥ ಹಿಮ ಅಂದರೆ ಹತ್ತು ಟನ್ನು. ಮುಧೋಳದ ಕಡೆ ರಸ್ತೆಯಲ್ಲಿ ನರಳುತ್ತಾ ಹೋಗುವ ಕಬ್ಬಿನ ಲಾರಿಯನ್ನು ಮನೆ ಮೇಲೆ ಇಟ್ಟಂತೆ. 2010ರ ಡಿಸೆಂಬರ್ 12ರಂದು ಅದೇ ಮಿನಿಯಾಪೊಲಿಸ್‌ನಲ್ಲಿ ಮೆಟ್ರೊಡೋಮ್ ಅನ್ನುವ ದೊಡ್ಡ ಕ್ರೀಡಾಂಗಣದ ಛಾವಣಿ ಕುಸಿಯಿತು. 17 ಇಂಚು ಹಿಮ ಬಿದ್ದಿತ್ತು. ಒಳಗಿನ ಗಾಳಿಯ ಒತ್ತಡದಿಂದ ನಿಂತ ಬಟ್ಟೆಯಂಥ ಛಾವಣಿ ಅದು, ನಡುವೆ ಹರಿದು ಹಿಮವೆಲ್ಲ ಆಟದ ಅಂಗಳಕ್ಕೆ ಸುರಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ನಾನು ಏಣಿ ಕೇಳಿದೆ. ಮಗಳು ಕೊಡಲಿಲ್ಲ. ಅವಳದು ಸರಿ, ಈಗ ಹೇಳುತ್ತೇನೆ, ಆಗ ಸಿಟ್ಟು ಬಂದಿತ್ತು. ಛಾವಣಿ ಮೇಲೆ ಏನು ಜಾರುತ್ತದೆ, ಎಲ್ಲಿ ಅಂಚು ಮುಗಿಯುತ್ತದೆ, ಒಂದೂ ಕಾಣುವುದಿಲ್ಲ. ಸೋತ ಛಾವಣಿಗೆ ನಮ್ಮ ಭಾರ ಬೇರೆ. ಅದರ ಬದಲು ಅವಳ ಹತ್ತಿರ ರೂಫ್ ರೇಕ್ ಇತ್ತು. ಕಣದಲ್ಲಿ ಜೋಳ ಗೋರುವ ಹಲಗೆ ಗೊತ್ತಲ್ಲ, ಅಂಥದ್ದೇ. ಆದರೆ ಹಿಡಿಕೆ 20 ಅಡಿ, ಅಲ್ಯೂಮಿನಿಯಂದು. ನೆಲದ ಮೇಲೆ ನಿಂತು ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕೆಳಗೆ ಎಳೆಯುವುದು. ನಾವು ನೇರ ಕೆಳಗೆ ನಿಲ್ಲಬಾರದು, ಜಾರಿದರೆ ಇಡೀ ಹಾಸೇ ಮೈಮೇಲೆ ಬರುತ್ತದೆ. ಮೇಲೆ ತಂತಿ ಇದ್ದರೆ ಆ ಕಡೆ ಹೋಗಬಾರದು. ಹೆಂಚು ಕಾಣುವಂತೆ ಕೆರೆಯಬಾರದು, ಎರಡು ಇಂಚು ಬಿಟ್ಟರೆ ಏನೂ ಆಗುವುದಿಲ್ಲ. ಮುಖ್ಯವಾಗಿ ಒಂದೇ ಕಡೆ ಖಾಲಿ ಮಾಡುತ್ತಾ ಹೋಗಬಾರದು. ಎತ್ತಿನ ಮೇಲಿನ ಹೇರು ಬಿಚ್ಚುವಾಗ ಒಂದು ಚೀಲ ಆ ಕಡೆಯಿಂದ, ಒಂದು ಈ ಕಡೆಯಿಂದ ತೆಗೆಯುತ್ತೇವಲ್ಲ, ಹಾಗೆ.

ಇನ್ನೊಂದು ಮಾತು. ಹೀಟರ್ ಹೊಗೆ ಹೋಗುವ ಕೊಳವೆ ಗೋಡೆಯಲ್ಲಿ ಇದ್ದರೆ, ಅದರ ಬಾಯಿ ಹಿಮದಲ್ಲಿ ಮುಚ್ಚಿದೆಯೋ ಏನೋ ಮೊದಲು ನೋಡಬೇಕು. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಎದೆನೋವಿನ ಹಿನ್ನೆಲೆ ಇರುವ ನನ್ನಂಥವರು ಆ ಚಳಿಯಲ್ಲಿ ಸಲಿಕೆ ಹಿಡಿಯಬಾರದು. ಚಳಿಗೆ ರಕ್ತನಾಳ ಬಿಗಿಯುತ್ತದೆ, ಮೇಲಿಂದ ದುಡಿತ, ಹೃದಯಕ್ಕೆ ಎರಡೂ ಕಡೆಯಿಂದ ಹೊಡೆತ.

ಇದೆಲ್ಲ ನೋಡುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬಾದಾಮಿ ತಾಲೂಕಿನ ನಮ್ಮ ಹಳೆ ಮನೆ. ಕಲ್ಲು ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಲಡಾಖ್, ಲಾಹೌಲ್ ಕಡೆಯೂ ನಮ್ಮಂಥದೇ ಚಪ್ಪಟೆ ಮಣ್ಣಿನ ಮಾಳಿಗೆ ಇವೆ. ಅಲ್ಲಿಯವರು ಹಿಮ ಬಿದ್ದರೆ, ಅದು ಕರಗಿ ಮಣ್ಣಿಗೆ ಇಳಿಯುವ ಮೊದಲೇ, ಮರದ ಸಲಿಕೆಯಿಂದ ಕೆಳಗೆ ತಳ್ಳುತ್ತಾರೆ. ನಾವು ಮಾಡುವುದು ಉಲ್ಟಾ. ಪ್ರತಿ ವರ್ಷ ಮಿರಗದ ಮಳೆ ಕೂಡುವ ಮೊದಲು ಸೋರಬಾರದು ಅಂತ ಮತ್ತಷ್ಟು ಸವಳು ಮಣ್ಣು ಹೊತ್ತು ಹಾಕುತ್ತೇವೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ನಮ್ಮಪ್ಪ ಹಾಕಿದ್ದು, ಅವರಪ್ಪ ಹಾಕಿದ್ದು, ಎಲ್ಲಾ ಅಲ್ಲೇ ಇದೆ. ಒಂದು ಘನ ಅಡಿ ಮಣ್ಣು 45ರಿಂದ 50 ಕಿಲೋ, ಅದೂ ಒಣಗಿದ್ದಾಗ. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ನೀರಿನ ತೂಕವೂ ಸೇರುತ್ತದೆ. ಹಿಮ ಇದರ ಮುಂದೆ ಏನೂ ಅಲ್ಲ.

2009ರಲ್ಲಿ, ಮತ್ತೆ 2019ರಲ್ಲಿ, ಮಲಪ್ರಭಾ ತುಂಬಿ ಬಂದಾಗ ಇಂಥ ಎಷ್ಟು ಮನೆ ಕುಸಿದವು, ನೀವೇ ನೋಡಿದ್ದೀರಿ. 2009ರಲ್ಲಿ ನಮ್ಮ ಓಣಿಯ ಒಂದು ಮನೆಯಲ್ಲಿ ಎರಡು ದಿನ ಮುಂಚೆಯೇ ಬಾಗಿಲು ಬಿಗಿಯಾಗಿತ್ತು. ಜಂತಿ ಸಂದಿಯಿಂದ ಊಟದ ತಟ್ಟೆಗೆ ಮಣ್ಣು ಉದುರುತ್ತಿತ್ತು. ಮಳೆಗೆ ಬಾಗಿಲು ಉಬ್ಬಿದೆ ಅಂದುಕೊಂಡರು. ಉಬ್ಬಿರಲಿಲ್ಲ, ತೊಲೆ ಬಾಗಿ ಚೌಕಟ್ಟಿನ ಮೇಲೆ ಕೂತಿತ್ತು. ರಾತ್ರಿ ಕಿರ್ ಅಂದಾಗ ಆ ಮನೆಯ ಮುದುಕಿ ಎಲ್ಲರನ್ನೂ ಎಬ್ಬಿಸಿ ಗುಡಿಗೆ ಕರೆದುಕೊಂಡು ಹೋದಳು, ಅದಕ್ಕೇ ಉಳಿದರು. ಬಾಗಿಲು ಬಿಗಿಯಾಗುವುದು, ಗಿಲಾವಿನಲ್ಲಿ ಹೊಸ ಬಿರುಕು, ಕಿರ್ ಸದ್ದು: ಮಿನಿಯಾಪೊಲಿಸ್‌ನಲ್ಲೂ ಇವೇ ಗುರುತು. ಕಂಡರೆ ಮೇಲೆ ಹತ್ತಬೇಡಿ, ಹೊರಗೆ ಬನ್ನಿ.

ಮಳೆಯಲ್ಲಿ ಮಾಳಿಗೆ ಹತ್ತಿ ಮಣ್ಣು ಎಳೆಯುವುದು ಬೇಡವೇ ಬೇಡ. ಆಗ ತಾಡಪತ್ರಿ ಮುಚ್ಚಿ, ಅದನ್ನೂ ಕುಂಬಿ, ಅಂದರೆ ಗೋಡೆ ಅಂಚಿನ ಕಡೆಯಿಂದ ಎಳೆದು. ಮಾಳಿಗೆ ನೀರು ಹೊರಹೋಗುವ ಹರನಾಳಿಗೆ ಕಟ್ಟಿಕೊಂಡಿದ್ದರೆ ಉದ್ದ ಕೋಲಿನಿಂದ ಬಿಡಿಸಿ. ಮಣ್ಣು ಇಳಿಸುವ ಕೆಲಸ ಬೇಸಿಗೆಯದು.

ನಾವು ಈ ಏಪ್ರಿಲ್‌ನಲ್ಲಿ ಮಾಡಿದೆವು. ಪಡಸಾಲೆಯ ಮಾಳಿಗೆ 12 ಅಡಿ ಅಗಲ, 20 ಅಡಿ ಉದ್ದ. ಒಳಗೆ ತೊಲೆಗೆ ಎರಡು ಊರುಗಂಬ ಕೊಟ್ಟು, ಇಬ್ಬರು ಹುಡುಗರನ್ನು ಹಚ್ಚಿ, ಎರಡೂ ಕಡೆಯಿಂದ ಸಮ ಸಮವಾಗಿ ಅರ್ಧ ಅಡಿ ತೆಗೆಸಿದೆ. ಸುಮಾರು ಆರು ಟನ್ನು, ಎರಡು ಟ್ರ್ಯಾಕ್ಟರ್ ಮಣ್ಣು. ಮನೆಗೆ ತಾಗಿದ್ದ ಬೇವಿನ ಟೊಂಗೆಯನ್ನೂ ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸಿದೆವು, ಬಡಿದು ಅಲ್ಲ.

ಹಿತ್ತಲಲ್ಲಿ ಬಿದ್ದ ಮಣ್ಣಿನ ಗುಡ್ಡೆಯ ಫೋಟೋ ಮಗಳಿಗೆ ಕಳಿಸಿದೆ. ಭೇಷ್ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: ಅಪ್ಪಾ, ಇದನ್ನು ಮಾಳಿಗೆ ಮೇಲಿಂದ ತೆಗೆದ ಹಾಗಿದೆಯಲ್ಲ, ಫೋಟೋ ತೆಗೆಯೋಕೆ ಮೇಲೆ ಹತ್ತಿದ್ದು ಯಾರು?

ಉತ್ತರ ಇನ್ನೂ ಬರೆದಿಲ್ಲ. ನಮಸ್ಕಾರ.