ಉದುರದ ಭತ್ತ

ಅಧ್ಯಕ್ಷರೇ, ಬೀಜ ಮೇಳಕ್ಕೆ ಬಂದಿರುವ ರೈತ ಬಂಧುಗಳೇ, ನಮಸ್ಕಾರ.

ಹೋದ ವಾರ ನನ್ನ ಫೋನಿಗೆ ಒಂದೇ ದಿನ ಎರಡು ಸಂದೇಶ ಬಂದವು. ಜಗತ್ತಿಗೆ ಭತ್ತ ಕೊಟ್ಟವರು ನಾವೇ ಅಂತ ಒಂದು. ಇಲ್ಲ, ಎಲ್ಲಾ ಚೀನಾದಿಂದ ಬಂದದ್ದು ಅಂತ ಇನ್ನೊಂದು. ಎರಡನ್ನೂ ಕಳಿಸಿದವನು ಒಬ್ಬನೇ ಸ್ನೇಹಿತ. ಅವನಿಗೆ ಉತ್ತರ ಬರೆಯಲು ಕೂತೆ. ಅದು ಉದ್ದವಾಗಿ ಇವತ್ತು ನಿಮ್ಮ ಮೇಲೆ ಬಿದ್ದಿದೆ.

ನಾನು ಹೇಳೋದು ಇಷ್ಟೇ: ಭತ್ತದ ಬೇಸಾಯವನ್ನು ಯಾರೂ ಕಂಡುಹಿಡಿಯಲಿಲ್ಲ. ಯಾಕೆ ಅನ್ನೋದಕ್ಕೆ ಮೊದಲು ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು.

ದೊಡ್ಡಪ್ಪನಿಗೆ ಯಕ್ಷಗಾನದ ಹುಚ್ಚು. ಒಂದು ವರ್ಷ ಸರಿಯಾಗಿ ಕೊಯ್ಲಿನ ಹೊತ್ತಿಗೆ ಪಕ್ಕದ ಊರಿಗೆ ಮೇಳ ಬಂತು. ರಾತ್ರಿಯಿಡೀ ಆಟ, ಹಗಲಿಡೀ ನಿದ್ದೆ. ಅಜ್ಜಿ ದಿನಾ ಕೇಳುವಳು, "ಗದ್ದೆ ಯಾವಾಗ ಕೊಯ್ಯೋದು?" ಇವರದ್ದು ಒಂದೇ ಉತ್ತರ, "ನಾಳೆ." ಹಾಗೆ ಎಂಟು ನಾಳೆಗಳು ಕಳೆದವು. ಒಂಬತ್ತನೇ ದಿನ ಆಳುಗಳು ಕುಡುಗೋಲು ಹಾಕಿದರೆ, ತೆನೆ ಮುಟ್ಟಿದ ಕೂಡಲೇ ಕಾಳು ಸುರಿಯುತ್ತಿದೆ! ಅಷ್ಟರಲ್ಲಿ ಇಲಿಗಳ ಊಟ ಆಗಿಹೋಗಿತ್ತು. ಅಜ್ಜಿ ಪೊರಕೆ, ಮೊರ ಹಿಡಿದು ಗದ್ದೆಗೇ ಇಳಿದಳು. ಗದ್ದೆ ಗುಡಿಸಿದವರನ್ನು ನಾನು ಅವತ್ತು ಬಿಟ್ಟರೆ ಮತ್ತೆಂದೂ ಕಂಡಿಲ್ಲ. ಮೊರದಲ್ಲಿ ಭತ್ತಕ್ಕಿಂತ ಮಣ್ಣೇ ಜಾಸ್ತಿ. "ಮೇಳದವರು ಕುಣಿದರು, ಇಲಿಗಳು ಉಂಡವು, ನಾನು ಗುಡಿಸಿದೆ" ಅಂತ ಅವಳು ವರ್ಷಗಟ್ಟಲೆ ಹಾಡಿಕೊಂಡಳು.

ಮುಂದಿನ ಮಳೆಗಾಲ ಬಿತ್ತುವ ಮೊದಲೇ ಗದ್ದೆಯಲ್ಲಿ ಅಲ್ಲಲ್ಲಿ ಭತ್ತ ಮೊಳೆತಿತ್ತು. ಭತ್ತದ ಕಡೆಯಿಂದ ನೋಡಿದರೆ ದೊಡ್ಡಪ್ಪನಷ್ಟು ಒಳ್ಳೆಯ ರೈತ ಇನ್ನೊಬ್ಬನಿಲ್ಲ, ಅಲ್ವಾ? ಕಾಡುಭತ್ತಕ್ಕೆ ಬೇಕಾದದ್ದು ಅದೇ. ಹಣ್ಣಾದ ಕಾಳು ತಾನೇ ಉದುರಬೇಕು, ಕೆಸರು ಸೇರಬೇಕು, ಮತ್ತೆ ಹುಟ್ಟಬೇಕು. ನಮಗೆ ಬೇಕಾದದ್ದು ತದ್ವಿರುದ್ಧ. ಮನೆಗೆ ಬರುವ ತನಕ ಕಾಳು ತೆನೆ ಬಿಡಬಾರದು. ಉದುರದ ಭತ್ತ ಕಾಡಿನಲ್ಲಿ ಬದುಕುವುದು ಕಷ್ಟ. ಅದಕ್ಕೆ ಬಿತ್ತುವ ಕೈ ಬೇಕು.

ಈ ಉದುರುವ ಗುಣ ಹೋದದ್ದು ಯಾವಾಗ? ಚೀನಾದ ಯಾಂಗ್ಸಿ ನದಿ ಸಮುದ್ರ ಸೇರುವ ಕಡೆ, ಝೆಜಿಯಾಂಗ್ ಪ್ರಾಂತ್ಯದಲ್ಲಿ ಟಿಯಾನ್‌ಲುವೊಶಾನ್ ಅಂತ ಒಂದು ಜಾಗ. ಅಲ್ಲಿ ನೀರು ನಿಂತ ಕೆಸರಿನಲ್ಲಿ ಸುಮಾರು 7,000 ವರ್ಷ ಹಿಂದಿನ ಹೊಟ್ಟೂ ಕೊಳೆಯದೆ ಉಳಿದಿದೆ. ಭತ್ತದ ಕಾಳಿನ ಬುಡದಲ್ಲಿ, ತೊಟ್ಟು ಬಿಟ್ಟ ಕಡೆ, ಒಂದು ಸಣ್ಣ ಗುರುತು ಇರುತ್ತದೆ. ತಾನಾಗಿ ಉದುರಿದ್ದರೆ ಅದು ನುಣ್ಣಗೆ ಇರುತ್ತದೆ. ಬಡಿದು ಬಿಡಿಸಿದ್ದರೆ ಹರಿದ ಹಾಗೆ ಒರಟು. ಹಳೆಯ ಕಾಳು-ಬೀಜಗಳನ್ನು ಅಧ್ಯಯನ ಮಾಡುವ ಪುರಾತತ್ವ ವಿಜ್ಞಾನಿ ಡೋರಿಯನ್ ಫುಲ್ಲರ್ ಮತ್ತು ಅವರ ಚೀನೀ ಜೊತೆಗಾರರು ಇಂಥ ಎರಡು ಸಾವಿರಕ್ಕೂ ಹೆಚ್ಚು ಬುಡಗಳನ್ನು ಕೂತು ಎಣಿಸಿದರು. 2009ರಲ್ಲಿ ಲೆಕ್ಕ ಪ್ರಕಟವಾಯಿತು. ಸುಮಾರು 6,900 ವರ್ಷ ಹಿಂದೆ ನೂರಕ್ಕೆ 27 ಕಾಳು ಉದುರದ ಜಾತಿಯವು. 300 ವರ್ಷ ಕಳೆದ ಮೇಲೆ 39.

ಲೆಕ್ಕ ಹಾಕಿ ನೋಡಿ. 300 ವರ್ಷ ಅಂದರೆ ಹನ್ನೆರಡು ತಲೆಮಾರು. ಹೆಚ್ಚಿದ್ದು ಹನ್ನೆರಡು ಕಾಳು. ಒಂದು ತಲೆಮಾರಿಗೆ ನೂರರಲ್ಲಿ ಒಂದೇ ಕಾಳು! ಅಪ್ಪನ ಗದ್ದೆಗೂ ಮಗನ ಗದ್ದೆಗೂ ವ್ಯತ್ಯಾಸ ಯಾರ ಕಣ್ಣಿಗೆ ಬಿದ್ದೀತು? ಅದಕ್ಕೇ ಹೇಳೋದು, ಯಾರೂ ಕಂಡುಹಿಡಿಯಲಿಲ್ಲ ಅಂತ.

ಇನ್ನೊಂದು ತಮಾಷೆ. ಟಿಯಾನ್‌ಲುವೊಶಾನಿನ ಆ ಜನ ಅನ್ನವನ್ನೇ ನಂಬಿ ಕೂತವರೂ ಅಲ್ಲ. ಓಕ್ ಮರದ ಕಾಯಿ, ಕೆರೆಯ ಸಿಂಘಾಡ, ಮಖಾನ ರಾಶಿ ರಾಶಿ ತಿನ್ನುತ್ತಿದ್ದರು. ಮಖಾನ ಗೊತ್ತಲ್ಲ, ನಮ್ಮ ಸೊಸೆಯಂದಿರು ತೂಕ ಇಳಿಸಲು ತಿನ್ನೋದು. ಸಿಕ್ಕ ಬೀಜ-ಕಾಯಿಗಳಲ್ಲಿ ಭತ್ತದ ಪಾಲು ಮೊದಲು ನೂರಕ್ಕೆ 8, ಆಮೇಲೆ 24. ಪಕ್ಕದ ಹೆಮುಡುವಿನಲ್ಲಿ ಎಮ್ಮೆಯ ಹೆಗಲ ಮೂಳೆಯಿಂದ ಮಾಡಿದ ಗುದ್ದಲಿಗಳು ಸಿಕ್ಕಿವೆ. ಮಣ್ಣು ಅಗೆಯುತ್ತಿದ್ದರು, ನಿಜ. ಆದರೆ ಆ ಸೀಮೆಗೆ ಕುಡುಗೋಲು ಬಂದದ್ದು ಎಷ್ಟೋ ಕಾಲದ ಮೇಲೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತೆ. ದೊಡ್ಡಪ್ಪ ನನ್ನ ಹತ್ತು ನಿಮಿಷ ತಿಂದುಬಿಟ್ಟರು.

ಬೇಗ ಹೇಳುತ್ತೇನೆ. ನಮ್ಮ ಗಂಗಾ ಬಯಲಿನ ಲಹುರಾದೇವದಲ್ಲೂ ಬಹಳ ಹಳೆಯ ಅಕ್ಕಿ ಸಿಕ್ಕಿದೆ. ಕೆರೆಯಂಚಿನ ಭತ್ತ ತಿನ್ನೋದು ಅವರಿಗೂ ಗೊತ್ತಿತ್ತು. ಆದರೆ ಉದುರದ ಗುಣ ಪೂರ್ವದಿಂದ, ಅಂದರೆ ಚೀನಾ ಕಡೆಯಿಂದ, ಸುಮಾರು 4,000 ವರ್ಷ ಹಿಂದೆ ಬಂದು ಇಲ್ಲಿನ ಭತ್ತದ ಜೊತೆ ಬೆರೆಯಿತು ಅನ್ನೋದು ಈಗ ಹೆಚ್ಚು ಜನ ಒಪ್ಪುವ ಮಾತು. ಗುರುತು ಜೀನಿನಲ್ಲೇ ಇದೆ. ಉದುರುವುದನ್ನು ತಡೆದದ್ದು ಡಿಎನ್‌ಎ ಬರಹದ ಒಂದೇ ಒಂದು ಅಕ್ಷರದ ಬದಲಾವಣೆ. ಅದು, 2006ರಲ್ಲಿ ಗೊತ್ತಾದದ್ದು, ಚೀನಾದ ಭತ್ತದಲ್ಲೂ ಇದೆ, ನಮ್ಮದರಲ್ಲೂ ಇದೆ. ಹಾಗಾಗಿ ನನ್ನ ಸ್ನೇಹಿತನ ಎರಡು ಸಂದೇಶವೂ ಅರ್ಧರ್ಧ ಸರಿ.

ನಮ್ಮ ರಾಜ್ಯದ ಮಾತು? ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಸುಮಾರು 4,000 ವರ್ಷ ಹಿಂದಿನವರ ಒಲೆಯ ಮೇಲೆ ಬೇಯುತ್ತಿದ್ದದ್ದು ಕೊರಲೆ, ಹುರುಳಿ, ಹೆಸರು. ಅನ್ನ ಆಮೇಲೆ ಬಂದ ನೆಂಟ. ಜಪಾನಿಗೆ ಭತ್ತ ಹೋದದ್ದು ಕೊರಿಯಾ ಮೂಲಕ. ಮಡಗಾಸ್ಕರಿಗೆ ಹೋದದ್ದು ಆಗ್ನೇಯ ಏಷ್ಯಾದ ದೋಣಿಯವರ ಜೊತೆ. ಇನ್ನು ಪಶ್ಚಿಮ ಆಫ್ರಿಕಾದ ನೈಜರ್ ನದಿಯವರು ಬೇರೆಯದೇ ಜಾತಿಯ ಭತ್ತವನ್ನು ತಾವೇ ಪಳಗಿಸಿಕೊಂಡರು. ಅದಕ್ಕೆ ಚೀನಾದವರನ್ನೂ ಕೇಳಲಿಲ್ಲ, ನಮ್ಮನ್ನೂ ಕೇಳಲಿಲ್ಲ. ಅದರ ಬಗ್ಗೆಯೇ ಒಂದು ಗಂಟೆ ಮಾತಾಡಬೇಕಿತ್ತು. ಹೋಗಲಿ.

ಹೊರಗೆ ಕೊನೆಯ ಮೇಜಿನ ಮೇಲೆ ಭೂತಗನ್ನಡಿ ಇಟ್ಟಿದ್ದೇನೆ. ಒಂದು ತಟ್ಟೆಯಲ್ಲಿ ಕಾಡುಭತ್ತ, ಇನ್ನೊಂದರಲ್ಲಿ ನಿಮ್ಮ ಗದ್ದೆಯ ಭತ್ತ. ಕಾಳಿನ ಬುಡ ನೋಡಿ, ನುಣ್ಣಗೆ ಯಾವುದು, ಒರಟು ಯಾವುದು ಅಂತ. ಊದಬೇಡಿ ಮಾತ್ರ. ಕಾಡುಭತ್ತದ ಕಾಳು ನನ್ನ ಹತ್ತಿರ ಇರೋದು ನಾಲ್ಕೇ.