ಜೆದೆಫ್ರೆಯ ಪಿರಮಿಡ್: ಹಾಳಾದದ್ದು ಹೇಗೆ?

ಸಭಿಕರೇ,

ಪ್ರಾಚೀನ ಈಜಿಪ್ಟ್‌ನ ದೊರೆ ಖುಫುವಿನ ಮಹಾಪಿರಮಿಡ್ ಎಲ್ಲರಿಗೂ ಗೊತ್ತು. ಅವನ ನಂತರ ಪಟ್ಟಕ್ಕೆ ಬಂದ ಮಗ ಜೆದೆಫ್ರೆಯನ್ನು ಕೇಳಿದವರು ಕಡಿಮೆ. ಕೇಳಿದವರೂ ಅವನನ್ನು ಅಣ್ಣ ಕವಾಬನನ್ನು ಕೊಂದು ಗದ್ದುಗೆ ಏರಿದವನೆಂದೇ ಕೇಳಿರುತ್ತಾರೆ. ಅವನ ನಂತರ ಆಳಿದ ತಮ್ಮ ಖಾಫ್ರೆ ದ್ವೇಷದಿಂದ ಅವನ ಪಿರಮಿಡ್ ಕೆಡವಿಸಿದನೆಂಬ ಕತೆಯೂ ಇದೆ. ಈ ಎರಡಕ್ಕೂ ಆಧಾರವಿಲ್ಲ.

1954ರಲ್ಲಿ ಮಹಾಪಿರಮಿಡ್ಡಿನ ದಕ್ಷಿಣಕ್ಕೆ ಖುಫುವಿನ ಸಮಾಧಿಗೆಂದು ಹೂಳಿದ ದೋಣಿಯ ಗುಂಡಿ ಸಿಕ್ಕಿತು. 1224 ಬಿಡಿಭಾಗಗಳಾಗಿ ಕಳಚಿಟ್ಟ ದೋಣಿಯ ಮೇಲೆ 41 ಸುಣ್ಣಕಲ್ಲಿನ ಚಪ್ಪಡಿ ಮುಚ್ಚಿದ್ದರು. ಆ ಕಲ್ಲುಗಳ ಮೇಲೆ ಕೆಲಸಗಾರರು ಬರೆದ ಹೆಸರು ಜೆದೆಫ್ರೆಯದು. ಅಂದರೆ ತಂದೆಯ ಉತ್ತರಕ್ರಿಯೆಯ ಈ ಭಾಗವನ್ನು ಪೂರೈಸಿದವನು ಅವನೇ. ಕವಾಬನ ವಿಧವೆ ಎರಡನೇ ಹೆತೆಫೆರೆಸ್ ಅವನ ರಾಣಿಯರಲ್ಲಿ ಒಬ್ಬಳಾದಳು. ಕವಾಬನಿಂದ ಅವಳು ಪಡೆದ ಮಗಳು ಮೆರೆಸಂಖ್ ಮುಂದೆ ಖಾಫ್ರೆಯನ್ನು ಮದುವೆಯಾದಳು. ಇನ್ನೊಬ್ಬ ರಾಣಿ ಖೆಂತೆತ್ಕಾ. ಮಗ ಸೆತ್ಕಾ ಕಾಲು ಮಡಚಿ ಕೂತ ಲಿಪಿಕಾರನ ಭಂಗಿಯ ಶಿಲ್ಪವಾಗಿ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹದಲ್ಲಿದ್ದಾನೆ.

ಈಗ ಪಿರಮಿಡ್ಡಿಗೆ ಬರೋಣ. ಮಹಾಪಿರಮಿಡ್ ಇರುವ ಗೀಜಾದಿಂದ ಸುಮಾರು 8 ಕಿ.ಮೀ. ಉತ್ತರಕ್ಕೆ, ಅಬು ರವಾಶ್‌ನ ಗುಡ್ಡದ ಮೇಲೆ ಅದನ್ನು ಕಟ್ಟಿದರು. ಗುಡ್ಡದ ಬಂಡೆಯನ್ನೇ ಒಡಲಾಗಿ ಉಳಿಸಿಕೊಂಡದ್ದರಿಂದ ಸಾಗಿಸಬೇಕಾದ ಕಲ್ಲು ಬಹಳ ಕಡಿಮೆಯಾಯಿತು. ತಳದ ಬದಿ ಸುಮಾರು 106 ಮೀ., ಎತ್ತರ 67 ಮೀ. ಆಸುಪಾಸು. ಸಮಾಧಿ ಕೋಣೆಗೆ ಸುರಂಗ ಕೊರೆಯಲಿಲ್ಲ. ಮೇಲಿಂದಲೇ ಸುಮಾರು 20 ಮೀ. ಆಳದ ತೆರೆದ ಗುಂಡಿ ತೋಡಿ, ಉತ್ತರದಿಂದ ಅದಕ್ಕೆ 49 ಮೀ. ಉದ್ದದ ಇಳಿಜಾರು ಕಡಿದರು. ತಳದಲ್ಲಿ ಕೋಣೆ ಕಟ್ಟಿದ ಮೇಲೆ ಎಲ್ಲವನ್ನೂ ಕಲ್ಲಿನಿಂದ ಮುಚ್ಚಿದರು. ಹೀಗೆ ಮಾಡಿದರೆ ಬೆಳಕು, ಗಾಳಿ ಧಾರಾಳ. ಒಟ್ಟಿಗೆ ಹಲವರು ಕೆಲಸ ಮಾಡಬಹುದು. ಆದರೆ ಕೋಣೆಗೆ ಬಂಡೆಯ ಸೂರಿಲ್ಲ. ಮೇಲಿನ ಕಟ್ಟಡದ ಕಲ್ಲು ಹೋದರೆ ಗುಂಡಿ ಬಾಯ್ತೆರೆಯುತ್ತದೆ. ಇಂದು ಅಲ್ಲಿ ಕಾಣುವುದು ಅದೇ.

ಪಿರಮಿಡ್ಡಿನ ಮುಖದ ಇಳಿಜಾರಿನ ಲೆಕ್ಕದಲ್ಲೂ ಹಿಂದಿನ ಸಂಶೋಧಕರು ಎಡವಿದರು. ಅಸ್ವಾನ್‌ನಿಂದ ತಂದ ಗ್ರಾನೈಟ್ ಹೊದಿಕೆ ಕಲ್ಲುಗಳ ಮುಖದ ಕೋನ 60 ಡಿಗ್ರಿ ದಾಟುತ್ತದೆ. ಹಾಗಾಗಿ ಪಿರಮಿಡ್ ತೀರಾ ಕಡಿದಾಗಿತ್ತು ಎಂದುಕೊಂಡರು. ಆದರೆ ಕಲ್ಲು ಕೂರುವ ಅಡಿಪಾಯವೇ ಸುಮಾರು 12 ಡಿಗ್ರಿ ಒಳಕ್ಕೆ ವಾಲಿದೆ. ಅದನ್ನು ಕಳೆದರೆ ಉಳಿಯುವುದು 52ರ ಹತ್ತಿರದ ಕೋನ. ಖುಫುವಿನ ಪಿರಮಿಡ್ಡಿನದೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಕೆಡವಿದ್ದು ಯಾರು? ತಮ್ಮ ಖಾಫ್ರೆಯ ದ್ವೇಷವಲ್ಲ, ಕಲ್ಲಿನ ಬೇಡಿಕೆ. ರೋಮನ್ನರ ಕಾಲದಲ್ಲಿ ಇದು ಕಲ್ಲುಗಣಿಯಾಯಿತು. 19ನೇ ಶತಮಾನದಲ್ಲೂ ದಿನಕ್ಕೆ 300 ಒಂಟೆ ಹೊರೆಯಷ್ಟು ಕಲ್ಲು ಹೋಗುತ್ತಿತ್ತೆಂದು ಪುರಾತತ್ತ್ವಜ್ಞ ಪೀಟ್ರಿ ಬರೆದಿದ್ದಾರೆ. ನೈಲ್ ಕಣಿವೆಗೆ ಹತ್ತಿರ, ಇಳಿಸಲು ರಾಜರು ಕಟ್ಟಿದ ದಾರಿಯೇ ಸಿದ್ಧ. ಕಲ್ಲು ಒಯ್ಯುವವರಿಗೆ ಇನ್ನೇನು ಬೇಕು?

1900ರ ನಂತರದ ಉತ್ಖನನದಲ್ಲಿ ಫ್ರೆಂಚ್ ಸಂಶೋಧಕ ಶಸೀನಾ ಅವರಿಗೆ ಪೂರ್ವದ ದೋಣಿ ಗುಂಡಿಯಲ್ಲಿ ಒಡೆದ ಶಿಲ್ಪಗಳ ರಾಶಿ ಸಿಕ್ಕಿತು. ಲೂವ್ರ್‌ನಲ್ಲಿರುವ ಜೆದೆಫ್ರೆಯ ಕೆಂಪು ಕ್ವಾರ್ಟ್ಜೈಟ್ ಕಲ್ಲಿನ ತಲೆ ಅಲ್ಲಿಯದೇ. ದ್ವೇಷದ ಕತೆ ಹುಟ್ಟಿದ್ದು ಮುಖ್ಯವಾಗಿ ಈ ಚೂರುಗಳಿಂದ. ಆದರೆ ಅದೇ ನೆಲದಲ್ಲಿ ಸಿಕ್ಕ ಹರಕೆಯ ಮಡಕೆಗಳು, ಜೆದೆಫ್ರೆ ಸತ್ತ ಎಷ್ಟೋ ತಲೆಮಾರಿನ ನಂತರವೂ ಅವನಿಗೆ ಪೂಜೆ ಸಲ್ಲುತ್ತಿದ್ದುದನ್ನು ತೋರಿಸುತ್ತವೆ. ‘ರಾ ದೇವನ ಮಗ’ (ರಾ ಎಂದರೆ ಸೂರ್ಯದೇವ) ಎಂಬ ಬಿರುದನ್ನು ಮೊದಲು ಧರಿಸಿದ ದೊರೆಯೂ ಅವನೇ. ಖಾಫ್ರೆ ಅದನ್ನು ಅಳಿಸಲಿಲ್ಲ, ತಾನೂ ಧರಿಸಿದ.