ಹೈಡ್ ಪಾರ್ಕಿನ ಕಡತಗಳು

ಕೇಳುಗರಿಗೆ ನಮಸ್ಕಾರ.

ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿ, ತಮ್ಮ ಮನೆತನದ ಜಮೀನಿನಲ್ಲಿ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಅಧಿಕಾರದಲ್ಲಿರುವಾಗಲೇ ಒಂದು ಗ್ರಂಥಾಲಯ ಕಟ್ಟಿಸಿದರು. 1941ರ ಜೂನ್ 30ರಂದು ಅದರ ಉದ್ಘಾಟನೆಯಾಯಿತು. ಹೆಸರು ಗ್ರಂಥಾಲಯವಾದರೂ ಅದು ಮುಖ್ಯವಾಗಿ ಪತ್ರಾಗಾರ. ಅದುವರೆಗೆ ಅಮೆರಿಕದ ಅಧ್ಯಕ್ಷರ ಕಾಗದಪತ್ರಗಳು ಅವರ ಸ್ವಂತ ಆಸ್ತಿಯೆಂದೇ ಎಣಿಕೆಯಾಗಿದ್ದವು. ಅಧ್ಯಕ್ಷ ಹಾರ್ಡಿಂಗ್ ತೀರಿಕೊಂಡ ಮೇಲೆ ಅವರ ಪತ್ನಿ ಅನೇಕ ಪತ್ರಗಳನ್ನು ಸುಟ್ಟರು. ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಈ ಕಾಗದಪತ್ರಗಳು ಸಾರ್ವಜನಿಕ ಸ್ವತ್ತೆಂದು ಸಾರಿದ ಕಾಯ್ದೆ ಬಂದದ್ದು 1978ರಲ್ಲಿ.

ಆದರೆ ನಾನು ಇಂದು ಹೇಳಬೇಕೆಂದಿರುವುದು ಅಧ್ಯಕ್ಷರ ಪತ್ರಗಳ ಬಗ್ಗೆ ಅಲ್ಲ, ಅವರ ಅಧಿಕಾರಿಗಳ ಕಡತಗಳ ಬಗ್ಗೆ. ಇಂಥ ಗ್ರಂಥಾಲಯಗಳಿಗೆ ಸಚಿವರೂ ಸಲಹೆಗಾರರೂ ತಮ್ಮ ಬಳಿಯಿದ್ದ ಕಾಗದಗಳನ್ನು ದಾನಪತ್ರ ಬರೆದು ಒಪ್ಪಿಸಿದ್ದಾರೆ. ಅಧ್ಯಕ್ಷರ ಕಡತದಲ್ಲಿ ತೀರ್ಮಾನ ಸಿಗುತ್ತದೆ. ಆ ತೀರ್ಮಾನಕ್ಕಾಗಿ ಯಾರು ಹೋರಾಡಿದರು, ಯಾರು ತಡೆದರು ಎಂಬುದು ಸಿಗುವುದು ಹೆಚ್ಚಾಗಿ ಕೆಳಗಿನವರ ಕಾಗದಗಳಲ್ಲಿ.

ರೂಸ್‌ವೆಲ್ಟ್ ಅವರ ಖಜಾನೆ ಕಾರ್ಯದರ್ಶಿ, ಅಂದರೆ ನಮ್ಮ ಲೆಕ್ಕದಲ್ಲಿ ಹಣಕಾಸು ಸಚಿವ, ಆಗಿದ್ದ ಹೆನ್ರಿ ಮಾರ್ಗೆಂಥೌ ಅವರ ದಿನಚರಿ ಹೈಡ್ ಪಾರ್ಕಿನಲ್ಲಿದೆ. ಎಂಟುನೂರಕ್ಕೂ ಹೆಚ್ಚು ಸಂಪುಟಗಳ ಈ ರಾಶಿಯನ್ನು ದಿನಚರಿ ಎಂದು ಕರೆದರೂ ಅದರಲ್ಲಿ ಆತ್ಮಗತ ಮಾತು ಕಡಿಮೆ. ಪತ್ರ, ಟಿಪ್ಪಣಿ, ಸಭೆಗಳಲ್ಲಿ ಮತ್ತು ದೂರವಾಣಿಯಲ್ಲಿ ಆಡಿದ ಮಾತಿನ ಶೀಘ್ರಲಿಪಿ ದಾಖಲೆ, ಇವೇ ಹೆಚ್ಚು.

1943ರಲ್ಲಿ ರೊಮೇನಿಯಾ ಮತ್ತು ಫ್ರಾನ್ಸಿನ ಯಹೂದಿಗಳನ್ನು ಪಾರುಮಾಡಲು ಹಣ ಕಳಿಸುವ ಪರವಾನಗಿ ತಿಂಗಳುಗಟ್ಟಲೆ ವಿದೇಶಾಂಗ ಇಲಾಖೆಯಲ್ಲಿ ಕೊಳೆಯಿತು. ಕಾರಣ ಹುಡುಕುತ್ತ ಹೋದ ಖಜಾನೆಯ ಅಧಿಕಾರಿಗಳಿಗೆ ಒಂದು ತಂತಿಯ ಸುಳಿವು ಸಿಕ್ಕಿತು. ಆ ವರ್ಷದ ಫೆಬ್ರವರಿ 10ರ, 354ನೆಯ ಸಂಖ್ಯೆಯ ಆ ತಂತಿಯಲ್ಲಿ, ಖಾಸಗಿಯವರ ಸಂದೇಶಗಳನ್ನು ಇನ್ನು ಮುಂದೆ ರವಾನಿಸಬೇಡಿ ಎಂದು ಸ್ವಿಟ್ಜರ್ಲೆಂಡಿನ ಅಮೆರಿಕನ್ ದೂತಾವಾಸಕ್ಕೆ ವಿದೇಶಾಂಗ ಇಲಾಖೆ ಸೂಚಿಸಿತ್ತು. ಯಹೂದಿಗಳ ಸಾಮೂಹಿಕ ಹತ್ಯೆಯ ಸುದ್ದಿ ಬರುತ್ತಿದ್ದುದೇ ಅಂಥ ಸಂದೇಶಗಳ ಮೂಲಕ. ನಮ್ಮ ಕಚೇರಿ ಪತ್ರಗಳಲ್ಲಿ ವಿಷಯದ ಕೆಳಗೆ ‘ಉಲ್ಲೇಖ’ ಎಂದು ಹಿಂದಿನ ಪತ್ರದ ಸಂಖ್ಯೆ ಬರೆಯುತ್ತಾರಲ್ಲ, ಹಾಗೆಯೇ ದೂತಾವಾಸದಿಂದ ಏಪ್ರಿಲ್‌ನಲ್ಲಿ ಬಂದ ತಂತಿಯಲ್ಲಿ 354ರ ಉಲ್ಲೇಖವಿತ್ತು. ಖಜಾನೆಗೆ ಕೊಟ್ಟ ನಕಲಿನಲ್ಲಿ ಮಾತ್ರ ಅಷ್ಟೇ ಭಾಗ ಮಾಯವಾಗಿತ್ತು. ಬಿಟ್ಟುಹೋದ ಆ ಒಂದು ಸಂಖ್ಯೆಯೇ ಸಂಗತಿಯನ್ನು ಬಯಲಿಗೆಳೆಯಿತು.

ಖಜಾನೆಯ ವಕೀಲ ಜೋಸೈಯಾ ಡುಬಾಯ್ಸ್ ಈ ಎಲ್ಲವನ್ನೂ ಜೋಡಿಸಿ 1944ರ ಜನವರಿಯಲ್ಲಿ ಒಂದು ವರದಿ ಬರೆದರು. ಯಹೂದಿಗಳ ಕೊಲೆಗೆ ಈ ಸರ್ಕಾರದ ಮೌನ ಸಮ್ಮತಿ ಎಂಬ ಅರ್ಥದ ಶೀರ್ಷಿಕೆ ಅದಕ್ಕಿತ್ತು. ಸರ್ಕಾರಿ ನೌಕರನೊಬ್ಬ, ಯುದ್ಧ ನಡೆಯುತ್ತಿರುವಾಗ, ತನ್ನದೇ ಸರ್ಕಾರದ ಬಗ್ಗೆ ಹೀಗೆ ಲಿಖಿತವಾಗಿ ಹೇಳಿದ್ದು ಅಸಾಧಾರಣ ಧೈರ್ಯವೆಂದೇ ನನ್ನ ಭಾವನೆ. ಮಾರ್ಗೆಂಥೌ ಅದನ್ನು ಸಂಕ್ಷೇಪಿಸಿ, ‘ಅಧ್ಯಕ್ಷರಿಗೆ ಖಾಸಗಿ ವರದಿ’ ಎಂಬ ಸೌಮ್ಯ ಶೀರ್ಷಿಕೆ ಕೊಟ್ಟು, ಜನವರಿ 16ರ ಭಾನುವಾರ ಶ್ವೇತಭವನಕ್ಕೆ ಒಯ್ದರು. ಆರೇ ದಿನದಲ್ಲಿ, ಜನವರಿ 22ರಂದು, ನಾಜಿಗಳ ಹಿಂಸೆಗೆ ಸಿಕ್ಕವರನ್ನು ಪಾರುಮಾಡಲು ಯುದ್ಧ ನಿರಾಶ್ರಿತರ ಮಂಡಳಿ ರಚನೆಯಾಯಿತು. ಅಧ್ಯಕ್ಷರ ಆದೇಶವೊಂದನ್ನೇ ಓದಿದವರಿಗೆ ಅದು ಅವರದೇ ಕರುಣೆಯ ಫಲವಾಗಿ ಕಂಡೀತು. ಡುಬಾಯ್ಸ್ ಅವರ ಮೂಲ ಶೀರ್ಷಿಕೆ ಇಂದಿಗೂ ಓದಸಿಗುತ್ತಿರುವುದು ಸಚಿವರೊಬ್ಬರು ತಮ್ಮ ಕಾಗದಗಳನ್ನು ಬಿಸಾಡದೆ ಇಟ್ಟುಕೊಂಡದ್ದರಿಂದ.

ಎಲ್ಲ ಕಡತಗಳೂ ಹೀಗೆ ತೆರೆದಿರುವುದಿಲ್ಲ. ರಹಸ್ಯವೆಂದು ತಡೆಹಿಡಿದ ಕಾಗದದ ಜಾಗದಲ್ಲಿ ಅದರ ದಿನಾಂಕ, ಯಾರಿಂದ ಯಾರಿಗೆ, ತಡೆಗೆ ಕಾರಣವೇನು ಎಂದು ಬರೆದ ಹಾಳೆಯೊಂದನ್ನು ಇಡುತ್ತಾರೆ. ಆ ವಿವರವನ್ನೇ ಹಿಡಿದು, ರಹಸ್ಯ ತೆರವು ಮಾಡಿರೆಂದು ಸಂಶೋಧಕರು ಅರ್ಜಿ ಹಾಕಬಹುದು. ಇದು ನನಗೆ ಬಹಳ ಮೆಚ್ಚುಗೆಯಾದ ಪದ್ಧತಿ, ಏಕೆಂದರೆ ಇಲ್ಲಿ ಕಾಗದ ಬಚ್ಚಿಟ್ಟರೂ ಬಚ್ಚಿಟ್ಟಿರುವ ಸಂಗತಿಯನ್ನು ಬಚ್ಚಿಡುವುದಿಲ್ಲ.

ಭಾರತದ ಚರಿತ್ರೆ ಬರೆಯುವವರಿಗೂ ಇಲ್ಲಿ ಕೆಲಸವಿದೆ. 1961ರಿಂದ 1963ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜಾನ್ ಕೆನೆತ್ ಗಾಲ್‌ಬ್ರೇತ್ ಅವರ ಪತ್ರಗಳು ಬಾಸ್ಟನ್ನಿನ ಕೆನಡಿ ಗ್ರಂಥಾಲಯದಲ್ಲಿವೆ. 1962ರ ನವೆಂಬರ್ 19ರಂದು, ಚೀನಾ ಯುದ್ಧದ ಸಂಕಟದಲ್ಲಿ, ನೆಹರೂ ಅವರು ವಿಮಾನಬಲದ ನೆರವು ಬೇಡಿ ಕೆನಡಿ ಅವರಿಗೆ ಬರೆದ ಪತ್ರಗಳೂ ಅದೇ ಗ್ರಂಥಾಲಯದಲ್ಲಿವೆ. ಆ ದಿನಗಳನ್ನು ಕುರಿತು ಬರೆಯುವ ನಮ್ಮ ವಿದ್ಯಾರ್ಥಿಗಳು ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕೆಂದು ನನ್ನ ಕೋರಿಕೆ. ನಮಸ್ಕಾರ.